ಕಡೆ ಹಿಡಿದವನ ಕೂಳಿ

"ಗುರುಗಳೇ, ಹೆಮ್ಮೆಯನ್ನು ಬಿಡುವುದು ಹೇಗೆ?" ಎಂದು ಶಿಷ್ಯನು ಕೇಳಿದನು.

ಶಿಷ್ಯನ ಹೆಸರು ಮುದ್ದವೀರ. ಹಿಂದಿನ ದಿನ ಆಶ್ರಮದಲ್ಲಿ ದೊಡ್ಡ ದಾಸೋಹ ನಡೆದಿತ್ತು. ಬಂದವರಿಗೆಲ್ಲ ಎಲೆ ಹಾಕಿಸಿ, ಬಡಿಸಿ, ಕೈ ತೊಳೆಯಲು ನೀರು ಕೊಡುವವರೆಗೆ ಮೇಲ್ವಿಚಾರಣೆ ಅವನದೇ ಆಗಿತ್ತು. ಒಬ್ಬ ಹಿರಿಯರು ಎಲ್ಲರ ಎದುರಿಗೆ ಅವನನ್ನು ಹೊಗಳಿದರು. ಆಗಿನಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಸಂಜೆ ಅದೇ ಹಿರಿಯರು ಅದೇ ಮಾತನ್ನು ಅಡುಗೆ ಮಾಡಿದ ಇನ್ನೊಬ್ಬನಿಗೆ ಹೇಳಿದರು. ಮುದ್ದವೀರನು ಅರ್ಧ ಊಟದಲ್ಲೇ ಎಲೆ ಮಡಚಿ ಎದ್ದನು. ರಾತ್ರಿ ಮಲಗಿ ಯೋಚಿಸಿದಾಗ ಎರಡಕ್ಕೂ ನಾಚಿಕೆಯಾಯಿತು. ಇದನ್ನೆಲ್ಲ ಮುಚ್ಚಿಡದೆ ಹೇಳಿ, ಮತ್ತೆ ಕೇಳಿದನು. "ನೀವು ಅದನ್ನು ಹೇಗೆ ಬಿಟ್ಟಿರಿ?"

ಗುರುಗಳು ಸೊಪ್ಪು ಸೋಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನಾನು ಬಿಟ್ಟಿದ್ದೇನೆಂದು ನಿನಗೆ ಯಾರು ಹೇಳಿದರು, ತಮ್ಮಾ?"

ಗುರುಗಳ ಬಳಿ ಬಿಡಬೇಕಾದದ್ದು ಯಾವುದೂ ಇದ್ದಂತೆ ಶಿಷ್ಯನಿಗೆ ಕಂಡಿರಲಿಲ್ಲ. ಅವರ ಕೋಣೆಯನ್ನು ದಿನವೂ ಗುಡಿಸುವವನು ಅವನೇ. ಅಲ್ಲಿ ಒಂದು ಚಾಪೆ, ಒಂದು ತಂಬಿಗೆ, ಗೋಡೆಯ ಗೂಡಿನಲ್ಲಿ ವಿಭೂತಿಯ ಗಟ್ಟಿ, ಅದರ ಪಕ್ಕದಲ್ಲಿ ಒಂದು ಹಳೆಯ ಬಟ್ಟೆಯ ಗಂಟು. ಅಷ್ಟೇ. ಅವರು ಯಾವ ಊರಿನವರು ಎಂಬುದೂ ಯಾರಿಗೂ ಗೊತ್ತಿರಲಿಲ್ಲ. ಊರು ಯಾವುದೆಂದು ಕೇಳಿದವರಿಗೆ ಅವರು ಕುಡಿಯಲು ನೀರು ಕೊಟ್ಟು ಸುಮ್ಮನಾಗುತ್ತಿದ್ದರು.

"ಕುಳಿತುಕೋ. ಒಂದು ಕೆರೆಯ ಸಂಗತಿ ಹೇಳುತ್ತೇನೆ. ಸೊಪ್ಪನ್ನು ಇತ್ತ ಕೊಡುತ್ತಾ ಕೇಳು" ಎಂದರು. ಹೀಗೆ ಹೇಳಿದರು.

ಒಂದು ಊರು. ಊರಿನ ಮುಂದೆ ಒಂದು ಕೆರೆ. ಏರಿಯ ಮೇಲೆ ನಿಂತು ನೋಡಿದರೆ ಆಚೆ ದಡದಲ್ಲಿ ಮೇಯುವ ಎಮ್ಮೆ ಇರುವೆಯಷ್ಟು ಕಾಣುತ್ತದೆ. ಅಷ್ಟು ದೊಡ್ಡ ಕೆರೆ. ಆದರೆ ಆಳವಿಲ್ಲ. ಬೇಸಿಗೆ ಬಂತೆಂದರೆ ಬಹಳ ಕಡೆ ನೀರು ತೊಡೆ ದಾಟುವುದಿಲ್ಲ. ನಮ್ಮ ಮಕ್ಕಳು ಈಜು ಕಲಿಯಬೇಕಾದರೆ ಬೇರೆ ಊರಿಗೆ ಹೋಗಬೇಕು ಎಂದು ಅಲ್ಲಿಯವರೇ ತಮಾಷೆ ಮಾಡುತ್ತಾರೆ.

ಆ ಊರಿನಲ್ಲಿರುವವರು ಬೆಸ್ತರು. ನೀರು ಇಳಿದ ಮೇಲೆ ಅವರು ಬಲೆ ಬೀಸುವುದಿಲ್ಲ, ಕೂಳಿ ಹಿಡಿದು ನಡೆಯುತ್ತಾರೆ. ಕೂಳಿ ಎಂದರೆ ಬಿದಿರಿನ ಕಡ್ಡಿಗಳಿಂದ ಹೆಣೆದ ಸೊಂಟದೆತ್ತರದ ಪಂಜರ. ಮೇಲೆ ಸಣ್ಣ ಬಾಯಿ, ಕೆಳಗೆ ದೊಡ್ಡ ಬಾಯಿ. ತಳ ಎಂಬುದು ಇಲ್ಲ. ಕೆಸರಿನಲ್ಲಿ ಮೀನು ಮಿಸುಕಿದ ಜಾಗಕ್ಕೆ ಅದನ್ನು ಒತ್ತಬೇಕು. ಮೇಲಿನ ಬಾಯಿಯಿಂದ ಕೈ ಬಿಟ್ಟು, ಒಳಗೆ ಸಿಕ್ಕಿದ ಮೀನನ್ನು ತೆಗೆದು, ಸೊಂಟಕ್ಕೆ ಕಟ್ಟಿದ ಬುಟ್ಟಿಗೆ ಹಾಕಿಕೊಳ್ಳಬೇಕು.

ಇದು ಒಬ್ಬನಿಂದ ಆಗುವ ಕೆಲಸವಲ್ಲ. ಇಷ್ಟಗಲದ ನೀರಿನಲ್ಲಿ ಒಬ್ಬನ ಕೈಗೆ ಮೀನು ಯಾಕೆ ಸಿಕ್ಕೀತು? ಅದಕ್ಕೆ ನಲವತ್ತು ಜನ ಸಾಲು ನಿಲ್ಲುತ್ತಾರೆ. ಸಾಲಿನ ಒಂದು ತುದಿ ಏರಿಯ ಕಲ್ಲಿಗೆ ತಾಗಿರುತ್ತದೆ. ಇನ್ನೊಂದು ತುದಿ ಹಳೆಯ ಹಳ್ಳದ ಪಾತ್ರದಲ್ಲಿರುತ್ತದೆ. ಕೆರೆ ಕಟ್ಟುವ ಮೊದಲು ಅಲ್ಲಿ ಒಂದು ಹಳ್ಳ ಹರಿಯುತ್ತಿತ್ತು. ಅದರ ತೋಡು ನೀರಿನ ಅಡಿಯಲ್ಲಿ ಈಗಲೂ ಹಾಗೆಯೇ ಇದೆ. ಕೆರೆಯೆಲ್ಲ ತೊಡೆಮಟ್ಟವಾದರೆ ಅಲ್ಲಿ ಮಾತ್ರ ಎದೆಮಟ್ಟ. ಸಾಲು ಹೆಜ್ಜೆಗೆ ಹೆಜ್ಜೆ ಸೇರಿಸಿ ಮೂಲೆಯ ಕಡೆಗೆ ನಡೆಯುತ್ತದೆ. ಕಾಲಿನ ಸದ್ದಿಗೆ ಮೀನು ಮುಂದೆ ಓಡುತ್ತದೆ. ಮುಂದೆ ನೀರು ತೆಳ್ಳಗಾದದ್ದು ತಿಳಿದ ಕೂಡಲೇ ತಿರುಗಿ ಆಳವನ್ನು ಹುಡುಕುತ್ತದೆ. ಆಳವಿರುವುದು ಆ ತೋಡಿನಲ್ಲಿ ಮಾತ್ರ. ಅದರೊಳಗೆ ಇಳಿದು ಹಿಂದಕ್ಕೆ ನುಗ್ಗಿದರೆ ಇಡೀ ಕೆರೆ ಅದರದು. ಸಾಲಿನವರಿಗೆ ಸಿಗುವುದು ಕೆಸರು.

ಆದ್ದರಿಂದ ಆ ತೋಡಿನಲ್ಲಿ ಒಬ್ಬನು ನಡೆಯಬೇಕು. ಅವನನ್ನು ಕಡೆಯವನು ಎನ್ನುತ್ತಾರೆ. ಅವನ ಕೈಯಲ್ಲಿಯೂ ಕೂಳಿ ಇರುತ್ತದೆ, ಸೊಂಟದಲ್ಲಿ ಬುಟ್ಟಿಯೂ ಇರುತ್ತದೆ. ಆದರೆ ಅವನು ಕೂಳಿ ಒತ್ತುವುದಿಲ್ಲ. ಒತ್ತಬೇಕಾದರೆ ನಿಲ್ಲಬೇಕು, ಬಗ್ಗಬೇಕು. ಅವನು ಬಗ್ಗಿದ ಅಷ್ಟು ಹೊತ್ತಿನಲ್ಲಿ ಇಪ್ಪತ್ತು ಮೀನು ಅವನ ಪಕ್ಕದಿಂದ ದಾಟಿ ಹೋಗುತ್ತವೆ. ಅವನು ಒಂದು ಪಕ್ಕಕ್ಕೆ ಕೂಳಿಯನ್ನು ಗೋಡೆಯಂತೆ ಹಿಡಿಯುತ್ತಾನೆ. ಇನ್ನೊಂದು ಪಕ್ಕಕ್ಕೆ ಅವನ ಕಾಲೇ ಗೋಡೆ. ಬಂದ ಮೀನು ಅವನಿಗೆ ಬಡಿದು ಹೊರಳಿ ಸಾಲಿನ ಕಡೆಗೆ ಹೋಗಬೇಕು. ಹತ್ತು ಹೆಜ್ಜೆಗೊಮ್ಮೆ ಅವನು ಹೋ ಎಂದು ಕೂಗುತ್ತಾನೆ. ಆ ಕೂಗಿಗೆ ನಲವತ್ತು ಜನ ಸಾಲು ಸರಿಮಾಡಿಕೊಳ್ಳುತ್ತಾರೆ. ನೀರಿನಲ್ಲಿ ಬೇರೆ ಯಾರೂ ಮಾತನಾಡುವುದಿಲ್ಲ.

ಎಲ್ಲರ ಬುಟ್ಟಿ ತುಂಬಿ ಬರುತ್ತದೆ. ಕಡೆಯವನ ಬುಟ್ಟಿ ಬರಿದಾಗಿ ಬರುತ್ತದೆ. ಬರಿದಾಗಿ ಬಂದರೆ ಅವನು ಕೆಲಸ ಮಾಡಿದ್ದಾನೆ ಎಂದು ಅರ್ಥ.

ಹಾಗೆಂದು ಅವನ ಮನೆಯಲ್ಲಿ ಒಲೆ ಆರುವುದಿಲ್ಲ. ಪ್ರತಿ ಮನೆಯಿಂದಲೂ ಒಂದು ಮೀನು ಅವನ ಮನೆಗೆ ಹೋಗುತ್ತದೆ, ಒಳ್ಳೆಯದನ್ನೇ ಆರಿಸಿ ಕಳಿಸುತ್ತಾರೆ. ಆದರೆ ಹಿತ್ತಲ ಬಾಗಿಲಿಗೆ. ಮುಂಬಾಗಿಲಿಗೆ ತಂದು ಕೊಟ್ಟರೆ ಅದು ದಾನವಾಗುತ್ತದೆ ಎಂದು ಅವರ ಎಣಿಕೆ. ಇನ್ನೊಂದು ಪದ್ಧತಿಯಿದೆ. ಕಡೆಯವನನ್ನು ಯಾರೂ ಬಾಯಿಬಿಟ್ಟು ಹೊಗಳುವುದಿಲ್ಲ. ಹೊಗಳಿದರೆ ಅವನ ಕಾಲು ಹಗುರವಾಗುತ್ತದೆ, ಹಗುರವಾದ ಕಾಲು ಕೆಸರಿನಲ್ಲಿ ನಿಲ್ಲುವುದಿಲ್ಲ ಎಂದು ಅವರು ನಂಬುತ್ತಾರೆ.

(ಇಲ್ಲಿ ಮುದ್ದವೀರನು ತಲೆ ತಗ್ಗಿಸಿದನು. ಗುರುಗಳು ನೋಡದವರಂತೆ ಮುಂದೆ ಹೇಳಿದರು.)

ಆ ಊರಿನ ಒಬ್ಬ ಬೆಸ್ತನು ಹತ್ತೊಂಬತ್ತು ಬೇಸಿಗೆ ಕಡೆ ಹಿಡಿದಿದ್ದನು. ಅವನಿಗೆ ಒಬ್ಬಳೇ ಮಗಳು. ಊರಿನವರೆಲ್ಲ ಒಂದೇ ಬೆಡಗಿನವರು, ಒಂದೇ ವಂಶದವರು, ಅಣ್ಣತಮ್ಮಂದಿರ ಲೆಕ್ಕ. ಹೆಣ್ಣನ್ನು ಹೊರಗೆ ಕೊಡಬೇಕು. ಹೊರಗಿನಿಂದ ಎರಡು ಸಂಬಂಧ ಬಂದು, ಯಾಕೆಂದು ಹೇಳದೆ ಹಿಂದೆ ಸರಿದಿದ್ದವು. ಮೂರನೆಯದು ಎರಡು ಹರದಾರಿ ದೂರದ ಹೊಳೆದಂಡೆಯ ಊರಿನಿಂದ ಬಂದಿತು. ಹುಡುಗ ಒಳ್ಳೆಯವನು ಎಂದು ನಾಲ್ಕು ಕಡೆಯಿಂದ ವಿಚಾರಿಸಿ ತಿಳಿದಿದ್ದರು. ಹುಡುಗಿಗೂ ಮನಸ್ಸಿತ್ತು. ಸಂತೆಯಲ್ಲಿ ಅವನನ್ನು ಒಮ್ಮೆ ನೋಡಿದ್ದಳು. ಒಪ್ಪಿಗೆ ಎಂದು ಹೇಳಲಿಲ್ಲ. ಆದರೆ ಆ ಸಂಬಂಧದ ಮಾತು ಬಂದಾಗಲೆಲ್ಲ ಮಾಡುವ ಕೆಲಸ ನಿಲ್ಲಿಸಿ ನಿಲ್ಲುತ್ತಿದ್ದಳು. ತಾಯಿಗೆ ಅಷ್ಟು ಸಾಕಾಯಿತು.

ಹುಡುಗನ ತಂದೆ ಮನೆ ನೋಡಲು ಒಬ್ಬನೇ ಬಂದನು. ಬಂದ ದಿನವೇ ಕೆರೆಯಲ್ಲಿ ಸಾಲು ನಡೆಯುವುದಿತ್ತು.

ಕಡೆಯವನ ಹೆಂಡತಿ ಬೆಳಿಗ್ಗೆ ಗಂಡನನ್ನು ಹಿತ್ತಲಿಗೆ ಕರೆದಳು. ಇವತ್ತೊಂದು ದಿನ ಕಡೆಯನ್ನು ಬೇರೆಯವರಿಗೆ ಕೊಡಿ, ನೀವು ಸಾಲಿನ ನಡುವೆ ನಿಲ್ಲಿ, ಬೀಗರಾಗುವವರ ಕಣ್ಣಿಗೆ ನಿಮ್ಮ ಬುಟ್ಟಿಯಲ್ಲಿ ನಾಲ್ಕು ಮೀನು ಬೀಳಲಿ ಎಂದು ಬೇಡಿಕೊಂಡಳು. ಹಿಂದಿನ ಎರಡು ಸಂಬಂಧ ಯಾಕೆ ಹೋದವೆಂದು ಅವಳಿಗೆ ಅನುಮಾನವಿತ್ತು.

ಅವನು ಬುಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡನು. ಆಮೇಲೆ, "ಮನೆ ನೋಡಲು ಬಂದವರಿಗೆ ಬೇರೆ ಮನೆ ತೋರಿಸಬಾರದು" ಎಂದು ಹೇಳಿ ಕೂಳಿ ಎತ್ತಿಕೊಂಡನು.

ಹೊಳೆಯ ಬೆಸ್ತನು ಜಗಲಿಯ ಮೇಲೆ ಕುಳಿತಿದ್ದವನು, ಊರಿಗೆ ಊರೇ ನೀರಿಗೆ ಇಳಿಯುವುದನ್ನು ಕಂಡು ಕುಳಿತಿರಲಾರದೆ ಹೋದನು. ಅವನೂ ನೀರಿನಲ್ಲಿ ಹುಟ್ಟಿ ಬೆಳೆದವನು. ತನಗೂ ಒಂದು ಕೂಳಿ ಕೊಡಿ ಎಂದನು. ಅತಿಥಿಯೆಂದು ಅವನನ್ನು ಸಾಲಿನ ನಟ್ಟನಡುವೆ ನಿಲ್ಲಿಸಿದರು. ಅದು ಹೆಚ್ಚು ಮೀನು ಸಿಗುವ ಜಾಗ.

ಅವನಿಗೆ ಕೂಳಿ ಗೊತ್ತಿತ್ತು, ಸಾಲು ಗೊತ್ತಿರಲಿಲ್ಲ. ಹೊಳೆಯಲ್ಲಿ ಪ್ರತಿಯೊಬ್ಬನೂ ತನ್ನ ಹರಿಗೋಲಿನಲ್ಲಿ ಒಬ್ಬನೇ ಹೋಗುತ್ತಾನೆ, ತನ್ನ ಬಲೆ ತಾನೇ ಬೀಸುತ್ತಾನೆ. ಸಂಜೆ ದಡಕ್ಕೆ ಬಂದಾಗ ಅವನ ಬುಟ್ಟಿ ನೋಡಿದರೆ ಅವನು ಎಂಥವನೆಂದು ತಿಳಿದುಹೋಗುತ್ತದೆ. ಅವನ ಅಪ್ಪ ಹಾಗೆ ಜನರನ್ನು ಅಳೆದಿದ್ದನು. ಅವನೂ ಹಾಗೆಯೇ ಅಳೆಯುತ್ತಿದ್ದನು.

ಸಾಲು ನಡೆಯಿತು. ಹತ್ತು ಹೆಜ್ಜೆಗೊಮ್ಮೆ ಹೋ ಎಂಬ ಕೂಗು ಬರುತ್ತಿತ್ತು. ಅರ್ಧ ದಾರಿ ಸಾಗಿದ್ದರು. ಆಗ ಮುಂದಿನ ನೀರಿನಲ್ಲಿ ಒಂದು ದೊಡ್ಡ ಅಲೆ ಎದ್ದು ತೋಡಿನ ಕಡೆಗೆ ಹೋಯಿತು. ನೋಡಿದವರಿಗೆಲ್ಲ ಅದು ಏನೆಂದು ತಿಳಿಯಿತು. ಆ ಕೆರೆಯಲ್ಲಿ ಒಂದು ಮೀಸೆಮೀನು ಇತ್ತು. ಮೂರು ಬೇಸಿಗೆಯಿಂದ ಸಾಲಿಗೆ ಸಿಗದೆ ತಪ್ಪಿಸಿಕೊಂಡು ಬೆಳೆದದ್ದು. ಒಬ್ಬ ಮನುಷ್ಯನು ತೋಳು ಚಾಚಿದರೆ ಎಷ್ಟೋ ಅಷ್ಟು ಉದ್ದ. ಅಂಥ ಮೀನಿಗೆ ಕಿವಿರಿನ ಹಿಂದೆ ಎರಡು ಪಕ್ಕಕ್ಕೂ ಒಂದೊಂದು ಮುಳ್ಳು ಇರುತ್ತದೆ. ಕಿರುಬೆರಳಿನ ಉದ್ದ, ಒಂದು ಅಂಚಿಗೆ ಗರಗಸದ ಹಲ್ಲು. ಅದು ಬೆದರಿದಾಗ ಆ ಮುಳ್ಳನ್ನು ಸೆಟೆಸಿ ನುಗ್ಗುತ್ತದೆ.

ಅದು ನುಗ್ಗಿ ಬಂದು ಕಡೆಯವನ ಮೊಣಕಾಲಿನ ಕೆಳಗೆ ಬಡಿಯಿತು.

ಅವನ ಕೈಯಲ್ಲಿ ಕೂಳಿ ಇತ್ತು. ಮೀನು ಕಾಲಿನ ಬುಡದಲ್ಲೇ ಇತ್ತು. ಅದರ ಮೈ ತನ್ನ ಕಾಲಿನ ಉದ್ದಕ್ಕೂ ಹೊರಳುವುದು ಅವನಿಗೆ ತಿಳಿಯುತ್ತಿತ್ತು. ಕೂಳಿ ಎತ್ತಿ ಒತ್ತಿದ್ದರೆ ಅದು ಅವನದು. ಆ ಮೀನನ್ನು ಹೆಗಲ ಮೇಲೆ ಹಾಕಿಕೊಂಡು ಏರಿ ಹತ್ತಿದ್ದರೆ ಮಗಳ ಮದುವೆ ಅಲ್ಲಿಯೇ ನಿಶ್ಚಯವಾಗುತ್ತಿತ್ತು. ಇದು ಅವನಿಗೆ ಗೊತ್ತಿರಲಿಲ್ಲವೆಂದು ತಿಳಿಯಬೇಡ. ಗೊತ್ತಿತ್ತು. ಆದರೆ ದೊಡ್ಡ ಮೀನಿನ ಹಿಂದೆಯೇ ಸಣ್ಣವೂ ತೋಡಿಗೆ ಇಳಿದು ಬರುತ್ತಿದ್ದವು. ಅವನು ಕೂಳಿಯನ್ನು ಅದರ ಜಾಗದಿಂದ ಕದಲಿಸಲಿಲ್ಲ. ಕಾಲನ್ನೂ ಎತ್ತಲಿಲ್ಲ. ಮೀನು ಒದ್ದಾಡಿ ಬಿಡಿಸಿಕೊಂಡು ಸಾಲಿನ ಕಡೆಗೆ ಹೊರಳಿತು. ಅವನು ಹೋ ಎಂದು ಕೂಗಿದನು. ಸಾಲು ಮುಂದೆ ನಡೆಯಿತು.

ಆ ಮೀನು ಹೊಳೆಯ ಬೆಸ್ತನ ಕೂಳಿಗೆ ಬಿತ್ತು.

ಅವನು ಅದನ್ನು ಎರಡು ಕೈಯಿಂದ ಎತ್ತಿದಾಗ ಸಾಲಿನವರೆಲ್ಲ ನೀರಿನ ನಿಯಮ ಮರೆತು ಕೂಗಿದರು. ಮೊದಲನೆಯ ಸಲ ಕೆರೆಗೆ ಇಳಿದವನು, ಮೂರು ಬೇಸಿಗೆಯ ಮೀನನ್ನು ಹಿಡಿದುಬಿಟ್ಟನು. ಅವನ ಸಂತೋಷಕ್ಕೆ ಮಿತಿ ಇರಲಿಲ್ಲ. ಏರಿ ಹತ್ತಿದ ಮೇಲೆ ಒಬ್ಬೊಬ್ಬರ ಬುಟ್ಟಿಯನ್ನೂ ಇಣುಕಿ ನೋಡುತ್ತಾ ಬಂದನು, ಅದು ಅವನ ಅಭ್ಯಾಸ. ಕೊನೆಗೆ ಎದೆಯವರೆಗೆ ಕೆಸರು ಮೆತ್ತಿಕೊಂಡು ಕಡೆಯವನು ಹತ್ತಿ ಬಂದನು. ಅವನ ಬುಟ್ಟಿಯಲ್ಲಿ ಒಂದು ಸೀಗಡಿಯೂ ಇರಲಿಲ್ಲ.

ಹೊಳೆಯ ಬೆಸ್ತನು ನಗುತ್ತಾ ಹೇಳಿದನು. "ಏನು ಬೀಗರೇ, ನಿಮ್ಮ ಕೂಳಿಗೆ ತಳವೇ ಇಲ್ಲವಲ್ಲ."

ಯಾವ ಕೂಳಿಗೂ ತಳವಿರುವುದಿಲ್ಲ. ಬೆಸ್ತರ ನಡುವೆ ಅದು ಒಳ್ಳೆಯ ತಮಾಷೆಯೇ. ಆದರೆ ನಲವತ್ತು ಜನರಲ್ಲಿ ಒಬ್ಬನೂ ನಗಲಿಲ್ಲ. ಕೆಲವರು ಕೆರೆಯ ಕಡೆ ನೋಡಿದರು. ಹೇಳಿಬಿಡೋಣವೆಂದು ಕೆಲವರಿಗೆ ನಾಲಿಗೆಯ ತುದಿಗೆ ಬಂದಿತು. ಆದರೆ ಹೇಳಿದರೆ ಹೊಗಳಿದಂತಾಗುತ್ತದೆ. ಕಡೆಯವನನ್ನು ಅವನ ಎದುರಿಗೆ ಹೊಗಳಬಾರದು. ಹುಡುಗಿ ಏರಿಯ ಮೇಲೆ ತಂದೆಗೆ ಒಣಬಟ್ಟೆ ಹಿಡಿದು ನಿಂತಿದ್ದಳು. ಅವಳು ಅದನ್ನು ಕೇಳಿಸಿಕೊಂಡಳು.

ಮಧ್ಯಾಹ್ನ ಊಟಕ್ಕೆ ಕುಳಿತರು. ಎಲೆಯ ಮೇಲೆ ನಾಲ್ಕು ಬಗೆಯ ಮೀನು ಬಂದವು. ಬರಿದಾದ ಬುಟ್ಟಿಯವನ ಮನೆಯಲ್ಲಿ ಇಷ್ಟೆಲ್ಲ ಎಲ್ಲಿಂದ ಬಂತು ಎಂದು ಹೊಳೆಯ ಬೆಸ್ತನು ಯೋಚಿಸುತ್ತಿದ್ದಾಗ, ಹಿತ್ತಲ ಬಾಗಿಲಿನಲ್ಲಿ ನೆರೆಮನೆಯ ಹೆಂಗಸು ಸೆರಗಿನ ಮರೆಯಿಂದ ಒಂದು ಮೀನನ್ನು ತೆಗೆದು ಕೊಡುವುದು ಕಂಡಿತು. ಅವಳ ಹಿಂದೆ ಇನ್ನೊಬ್ಬಳು. ಈ ಮನೆಯವರು ಕೇರಿಯವರ ಕೈ ನೋಡಿ ಬದುಕುವವರು ಎಂದು ಅವನು ತೀರ್ಮಾನಿಸಿದನು. ಅದೂ ಸಾಲದೆ, ಎದುರಿಗೆ ಕುಳಿತ ಮನೆಯ ಯಜಮಾನನು ಒಂದು ಕಾಲನ್ನು ಮಡಚದೆ ಮುಂದೆ ಚಾಚಿಕೊಂಡಿದ್ದನು. ಅದರ ಮೇಲೆ ಪಂಚೆ ಇಳಿಬಿಟ್ಟಿದ್ದನು. ಬೀಗತನಕ್ಕೆ ಬಂದವನ ಎದುರಿಗೆ ಕಾಲು ಚಾಚಿ ಕೂರುವುದು ಎಂಥ ಮರ್ಯಾದೆ ಎಂದು ಅವನ ಮನಸ್ಸು ಮುರಿಯಿತು.

ಹೊರಡುವಾಗ ಅವನು, "ಯಜಮಾನರೇ, ನಮ್ಮ ಹಿರಿಯರನ್ನು ಕೇಳಿ ಹೇಳಿಕಳಿಸುತ್ತೇವೆ" ಎಂದನು. ಬೆಳಿಗ್ಗೆ ಬೀಗರೇ ಎನ್ನುತ್ತಿದ್ದವನು ಈಗ ಯಜಮಾನರೇ ಎಂದನು. ಹೀಗೆ ಹೇಳಿ ಹೋದವರು ಹೇಳಿಕಳಿಸುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಕಡೆಯವನು ಆಗಲಿ ಎಂದು ಕೈ ಮುಗಿದನು. ಆ ದೊಡ್ಡ ಮೀನನ್ನು ಹಸಿ ಜೊಂಡಿನಲ್ಲಿ ಸುತ್ತಿ, ದಾರಿಯಲ್ಲಿ ಕೆಡದಂತೆ ನೀರು ಚಿಮುಕಿಸಿ, ತಾನೇ ಅವನ ಹೆಗಲಿಗೆ ಏರಿಸಿದನು.

ಸಂಜೆ ಇನ್ನೂ ಬೆಳಕಿರುವಾಗಲೇ ಹೊಳೆಯ ಬೆಸ್ತನು ಮನೆ ಸೇರಿದನು. ಅವನ ಹೆಂಡತಿ ಮೀನನ್ನು ಕಲ್ಲಿನ ಮೇಲೆ ಹಾಕಿ ಶುಚಿಮಾಡಲು ಕುಳಿತಳು. ಅವನು ಪಕ್ಕದಲ್ಲಿ ನಿಂತು, ಆ ಮನೆ ಆಗುವುದಿಲ್ಲ, ಗಂಡಸು ಕೈಲಾಗದವನು ಎಂದು ಹೇಳುತ್ತಿದ್ದನು. ಅವಳು ಹೂಂಗುಟ್ಟುತ್ತಿದ್ದವಳು ಕೈಯ ಕತ್ತಿಯನ್ನು ಕೆಳಗಿಟ್ಟಳು. ಮೀನನ್ನು ಮಗುಚಿ ಆ ಪಕ್ಕ ಈ ಪಕ್ಕ ನೋಡಿದಳು. ಒಂದು ಕಡೆಯ ಮುಳ್ಳು ಇರಲಿಲ್ಲ. ಬುಡದಲ್ಲಿ ಮುರಿದಿತ್ತು. ಹೊಸದಾಗಿ ಮುರಿದದ್ದು.

ಇದು ಎಲ್ಲಿ ಮುರಿಯಿತು ಎಂದು ಕೇಳಿದಳು. ಕೂಳಿಯ ಬಿದಿರಿಗೆ ಸಿಕ್ಕಿರಬೇಕು ಎಂದನು ಅವನು. ಅವಳು ಬೆಸ್ತರ ಮನೆಯಲ್ಲಿ ಹುಟ್ಟಿ ಬೆಸ್ತರ ಮನೆಗೆ ಬಂದವಳು. ಬಿದಿರಿಗೆ ತಾಗಿದರೆ ತುದಿ ಮುರಿಯುತ್ತದೆ, ಬುಡ ಮುರಿಯುವುದಿಲ್ಲ ಎಂದಳು. ಗರಗಸದ ಹಲ್ಲು ಮಾಂಸದಲ್ಲಿ ಕಚ್ಚಿಕೊಂಡು, ಹಿಂದಕ್ಕೆ ಬಾರದೆ, ಮೀನು ತಿರುಚಿಕೊಂಡು ಎಳೆದರೆ ಮಾತ್ರ ಹೀಗಾಗುತ್ತದೆ.

"ಇದು ಯಾರದೋ ಕಾಲಿನಲ್ಲಿದೆ" ಎಂದಳು ಅವಳು. "ಯಾರು ಕಿರುಚಿದರು?"

ಯಾರೂ ಕಿರುಚಿರಲಿಲ್ಲ. ಅವನು ನೆನಪು ಮಾಡಿಕೊಂಡನು. ಸಾಲು ಪೂರ್ತಿ ಮೌನವಾಗಿತ್ತು. ಆ ಹೋ ಎಂಬ ಕೂಗು ಒಂದೇ ಕೇಳಿಸುತ್ತಿತ್ತು. ಹತ್ತು ಹೆಜ್ಜೆಗೊಮ್ಮೆ ತಪ್ಪದೆ ಬರುತ್ತಿತ್ತು. ಒಂದು ಸಲ ಮಾತ್ರ ಒಂದು ಉಸಿರಿನಷ್ಟು ತಡವಾಗಿ ಬಂದಿತ್ತು. ತಾನು ಹೆಜ್ಜೆ ಎತ್ತಿ ಕಾಯಬೇಕಾಗಿ ಬಂದದ್ದು ನೆನಪಾಯಿತು. ಅದರ ಹಿಂದೆಯೇ ಮೀನು ತನ್ನ ಕಡೆಗೆ ಬಂದಿತ್ತು.

ಆಮೇಲೆ ಚಾಚಿದ ಕಾಲು ನೆನಪಾಯಿತು. ಅದರ ಮೇಲೆ ಇಳಿಬಿಟ್ಟ ಪಂಚೆ ನೆನಪಾಯಿತು. ನಲವತ್ತು ಜನ ನಗದೆ ನಿಂತದ್ದು ನೆನಪಾಯಿತು. ಅವನು ಜಗಲಿಯ ಮೇಲೆ ಕುಳಿತುಬಿಟ್ಟನು. ಆ ರಾತ್ರಿ ಅವರ ಮನೆಯಲ್ಲಿ ಮೀನು ಬೇಯಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮೀನಿನ ತಲೆಯನ್ನು ಎಲೆಯಲ್ಲಿ ಕಟ್ಟಿಕೊಂಡು ಎರಡು ಹರದಾರಿ ನಡೆದು ಬಂದನು. ಕಡೆಯವನು ಮನೆಯ ಮುಂದೆ ಕುಳಿತು ಕೂಳಿಯ ಕಡ್ಡಿ ಬಿಗಿಯುತ್ತಿದ್ದನು. ಕಾಲಿಗೆ ಅರಿಸಿನ ಹಚ್ಚಿ ಬಟ್ಟೆ ಕಟ್ಟಿತ್ತು. ಅವನ ಪಕ್ಕದಲ್ಲಿ, ಗೋಡೆಯ ಮಣ್ಣಿಗೆ ಒಂದು ಮುಳ್ಳನ್ನು ಚುಚ್ಚಿಟ್ಟಿದ್ದನು.

ಹೊಳೆಯ ಬೆಸ್ತನು ಅವನ ಎದುರಿಗೆ ಕುಳಿತನು. ಎಲೆ ಬಿಚ್ಚಿದನು. ಗೋಡೆಯಿಂದ ಮುಳ್ಳನ್ನು ತೆಗೆದು ಮುರಿದ ಜಾಗಕ್ಕೆ ಇಟ್ಟನು. ಅದು ಅಲ್ಲಿ ಕೂದಲೆಳೆಯ ಸಂದೂ ಇಲ್ಲದೆ ಕೂತಿತು.

"ಬೀಗರೇ, ಇದು ಚುಚ್ಚಿದಾಗ ನೀವು ಕಾಲು ಯಾಕೆ ಎತ್ತಲಿಲ್ಲ?"

"ಎತ್ತಿದ್ದರೆ ಹಿಂದಕ್ಕೆ ಹೋಗುತ್ತಿತ್ತು. ನನ್ನ ಹಿಂದೆ ಯಾರೂ ಇರಲಿಲ್ಲ."

"ಏರಿಯ ಮೇಲೆ ನಾನು ಆ ಮಾತು ಆಡಿದೆ. ನಿಮ್ಮ ಮಗಳ ಎದುರಿಗೆ ಆಡಿದೆ. ಆಗಲಾದರೂ ಕಾಲು ತೋರಿಸಬಹುದಾಗಿತ್ತಲ್ಲ."

ಕಡೆಯವನು ಕಡ್ಡಿ ಬಿಗಿಯುವುದನ್ನು ನಿಲ್ಲಿಸಿದನು. "ತೋರಿಸಿದ್ದರೆ ಮೀನು ನಿಮ್ಮದಾಗಿ ಉಳಿಯುತ್ತಿರಲಿಲ್ಲ. ನೀವು ನಮ್ಮ ಕೆರೆಗೆ ಬಂದ ಅತಿಥಿಗಳು."

ಗಂಡಿನ ಕಡೆಯವರು ಹೆಣ್ಣಿನ ಕಡೆಯವರ ಕಾಲು ಮುಟ್ಟುವ ಪದ್ಧತಿ ಅವರಲ್ಲಿ ಇಲ್ಲ. ಹೊಳೆಯ ಬೆಸ್ತನು ಗಾಯ ಎಷ್ಟು ಆಳವಿದೆ ನೋಡೋಣ ಎಂದು ಬಗ್ಗಿ, ಆ ನೆಪದಲ್ಲಿ ಮುಟ್ಟಿದನು. ಕೈಯನ್ನು ಬೇಗ ತೆಗೆಯಲಿಲ್ಲ. ಆಮೇಲೆ ಎದ್ದು ನಿಂತು, ನೆರೆದಿದ್ದವರಿಗೆ ಕೇಳುವಂತೆ ಇಂಥ ಮನುಷ್ಯನನ್ನು ತಾನು ಕಂಡೇ ಇಲ್ಲವೆಂದು ಹೇಳಲು ಹೊರಟನು. ನೆರೆಮನೆಯ ಮುದುಕನು ಅವನ ಭುಜ ಹಿಡಿದು ತಡೆದನು. "ಸ್ವಾಮಿ, ಬಾಯಿ ಮುಚ್ಚಿಕೊಳ್ಳಿ. ನಾಡಿದ್ದು ಮತ್ತೆ ಸಾಲಿದೆ."

ಈ ಸಲ ಎಲ್ಲರೂ ನಕ್ಕರು.

ಹೊಳೆಯ ಬೆಸ್ತನು ತನ್ನ ಮಗನಿಗೆ ಹುಡುಗಿಯನ್ನು ಕೊಡಬೇಕೆಂದು ಕೇಳಿದನು. ಕೇಳುವ ಮುಖ ತನಗಿಲ್ಲ, ಆದರೂ ಕೇಳುತ್ತಿದ್ದೇನೆ ಎಂದನು. ಕಡೆಯವನು, ನಿನ್ನೆ ಆ ಮಾತು ಬಿದ್ದದ್ದು ನನ್ನ ಮೇಲೆ ಮಾತ್ರವಲ್ಲ, ಅವಳನ್ನೇ ಕೇಳಬೇಕು ಎಂದು ಒಳಗಿನ ಕಡೆಗೆ ಕೈ ತೋರಿಸಿದನು.

ಹುಡುಗಿ ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ. ಹೊಸ್ತಿಲಿಗೆ ಬಂದು ನಿಂತಳು. ತಲೆಯ ಮೇಲೆ ಸೆರಗು ಇತ್ತು, ತಲೆ ಮಾತ್ರ ತಗ್ಗಿರಲಿಲ್ಲ.

"ನಿನ್ನೆ ನಮ್ಮಪ್ಪನ ಬುಟ್ಟಿ ನೋಡಿ ಹೋದರು. ಇವತ್ತು ನಮ್ಮಪ್ಪನ ಕಾಲು ನೋಡಲು ಬಂದಿದ್ದಾರೆ. ಇವರ ಮನೆಗೆ ನಾನು ಹೋಗುತ್ತೇನೆ" ಎಂದಳು.

ಕಡೆಯವನು ಹತ್ತೊಂಬತ್ತು ಬೇಸಿಗೆಯಲ್ಲಿ ಏರಿ ಹತ್ತಿ ಬರುವಾಗ ಯಾರ ಮುಖವನ್ನೂ ನೋಡಿದವನಲ್ಲ. ನೆಲ ನೋಡಿಕೊಂಡು ಮನೆಗೆ ಬರುತ್ತಿದ್ದನು. ಆ ದಿನ ಅವನು ತಲೆ ಎತ್ತಿ ಕೇರಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರನ್ನೂ ಒಮ್ಮೆ ನೋಡಿದನು. ಆಮೇಲೆ ಕೂಳಿಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡನು. ಮುಳ್ಳನ್ನು ಮೊದಲಿದ್ದ ಜಾಗಕ್ಕೆ ಚುಚ್ಚಿಟ್ಟನು.

ಮದುವೆಯಾಯಿತು. ಹೊಳೆಯ ಊರಿನವರು ಆ ಊಟವನ್ನು ಬಹಳ ದಿನ ನೆನೆಸಿಕೊಂಡರು. ಹುಡುಗಿ ಗಂಡನ ಮನೆಗೆ ಹೊರಟಳು. ಅವರನ್ನು ಕೆರೆಯ ಕೋಡಿಯವರೆಗೆ ಕಳಿಸಿ ಕಡೆಯವನು ಮನೆಗೆ ಬಂದು ಕುಳಿತನು. ಪಕ್ಕದ ಗೋಡೆ ನೋಡಿದನು. ಮಣ್ಣಿನಲ್ಲಿ ಒಂದು ಸಣ್ಣ ತೂತು ಇತ್ತು. ಮುಳ್ಳು ಇರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಸೊಪ್ಪು ಸೋಸಿ ಮುಗಿದಿತ್ತು. ಮುದ್ದವೀರನು ಕಾದನು. ಅವರು ಮುಂದೆ ಹೇಳುವಂತೆ ಕಾಣಲಿಲ್ಲ.

"ಗುರುಗಳೇ, ಅವನಿಗೆ ಹೆಮ್ಮೆ ಇತ್ತು" ಎಂದನು ಅವನು, ತಪ್ಪು ಹೇಳುತ್ತಿದ್ದೇನೋ ಎಂಬಂತೆ.

"ಇತ್ತು. ಕೆಸರಿನೊಳಗೆ ಇತ್ತು. ಮೇಲಕ್ಕೆ ತಂದಿರಲಿಲ್ಲ."

"ಆ ಮುಳ್ಳನ್ನು ಯಾರು ತೆಗೆದರು?"

ಗುರುಗಳು ಕೈ ತೊಳೆದು, ಬಟ್ಟೆಗೆ ಒರೆಸಿಕೊಂಡು ಎದ್ದರು. ಕೋಣೆಗೆ ಹೋಗಿ ಗೂಡಿನಲ್ಲಿದ್ದ ಗಂಟನ್ನು ತಂದರು. ಅದನ್ನು ಬಿಚ್ಚಿ, ಒಳಗಿದ್ದದ್ದನ್ನು ಶಿಷ್ಯನ ಅಂಗೈ ಮೇಲೆ ಇಟ್ಟರು. ಕಿರುಬೆರಳಿನ ಉದ್ದ, ಹಳೆಯ ದಂತದ ಬಣ್ಣ, ಒಂದು ಅಂಚಿಗೆ ಗರಗಸದ ಹಲ್ಲು. ಎಷ್ಟೋ ವರ್ಷ ಕೈಯಲ್ಲಿ ಹಿಡಿದು ಹಿಡಿದು ಆ ಹಲ್ಲು ಸವೆದಿತ್ತು.

"ನನ್ನ ತಾಯಿ ತವರಿನಿಂದ ತಂದ ಒಡವೆ ಇದೊಂದೇ."